ಮಿನಿ ಟ್ರ್ಯಾಕ್ಟರ್ ಹಿಂದೆ ಕಾಂಕ್ರೀಟ್ ಭಾರ: ಎರಡು ಮಳೆಗಾಲ ಬಳಸಿದ ಮೇಲೆ

ಮುಂದೆ ಲೋಡರ್ ಕೂರಿಸಿದ ಸಣ್ಣ ಟ್ರ್ಯಾಕ್ಟರ್‌ಗೆ ಹಿಂದೆ ಭಾರ ಬೇಕೇ ಬೇಕು. ಅದರಲ್ಲೂ ನಮ್ಮ ಸಕಲೇಶಪುರದ ಕಡೆಯಂಥ ಏರು ಇಳಿಜಾರಿನ ತೋಟದಲ್ಲಿ. ಬಕೆಟ್ ತುಂಬಾ ಕೊಟ್ಟಿಗೆ ಗೊಬ್ಬರ ಎತ್ತಿದರೆ ಹಿಂದಿನ ಚಕ್ರ ಹಗುರಾಗುತ್ತದೆ. ಬ್ರೇಕ್ ಇರುವುದು ಆ ಚಕ್ರಕ್ಕೇ. ಅದು ನೆಲ ಕಚ್ಚದಿದ್ದರೆ ಇಳಿಜಾರಿನಲ್ಲಿ ಬ್ರೇಕ್ ತುಳಿದು ಏನು ಉಪಯೋಗ?

ಟೈರ್‌ಗೆ ನೀರು ತುಂಬಿಸಿದರೆ ಸಾಕು ಅನ್ನುವವರು ಬಹಳ ಜನ. ಹಿಡಿತ ಬರುತ್ತದೆ, ನಿಜ. ಆದರೆ ಆ ಭಾರ ಹಿಂದಿನ ಆ್ಯಕ್ಸಲ್ ಮೇಲೇ ಕೂರುತ್ತದೆ, ಮುಂದಿನ ಆ್ಯಕ್ಸಲ್‌ಗೆ ಏನೂ ಆರಾಮ ಸಿಗುವುದಿಲ್ಲ. ಲಿಂಕ್‌ಗೆ (ಗಾಡಿಯ ಹಿಂದೆ ಉಪಕರಣ ಸಿಕ್ಕಿಸುವ ತೋಳುಗಳು: ಕೆಳಗೆ ಎರಡು, ಮೇಲೆ ಒಂದು ಟಾಪ್ ಲಿಂಕ್) ತೂಗುಹಾಕಿದ ಭಾರ ಹಾಗಲ್ಲ, ಹಾರೆ ಮೀಟಿದ ಹಾಗೆ ಮುಂಭಾಗವನ್ನು ಮೇಲೆತ್ತುತ್ತದೆ. ನಮ್ಮ ಕಾಂಕ್ರೀಟ್ ದಿಮ್ಮಿ ಸುಮಾರು 425 ಕೆಜಿ. ಅದರ ನಡುಭಾಗ ಹಿಂದಿನ ಆ್ಯಕ್ಸಲ್‌ನಿಂದ 3 ಅಡಿ ಆಚೆ ಇದೆ. ಗಾಡಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಆ್ಯಕ್ಸಲ್ ನಡುವಿನ ದೂರ) 5 ಅಡಿ. ಅಂದರೆ ಮುಂದಿನ ಆ್ಯಕ್ಸಲ್ ಮೇಲಿಂದ ಹತ್ತಿರ ಹತ್ತಿರ 255 ಕೆಜಿ ಇಳಿಯುತ್ತದೆ. ಹಿಂದಿನದಕ್ಕೆ 680 ಸೇರುತ್ತದೆ. ಸ್ಟೀರಿಂಗ್ ತಿರುಗಿಸುವಾಗಲೇ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ದಿಮ್ಮಿಯ ಅಗಲ 2 ಅಡಿ, ಎತ್ತರ ಎರಡೂವರೆ, ದಪ್ಪ ಒಂದೂಕಾಲು. ಕಾಂಕ್ರೀಟ್ ಒಂದು ಘನ ಅಡಿಗೆ 68 ಕೆಜಿ ಲೆಕ್ಕ. ಒಂದು ಪಾಲು ಸಿಮೆಂಟಿಗೆ ಎರಡು ಮರಳು, ನಾಲ್ಕು ಜಲ್ಲಿಯ ಮಿಶ್ರಣಕ್ಕೆ ಒಂದು ಮೂಟೆಗಿಂತ ಸ್ವಲ್ಪ ಜಾಸ್ತಿ ಸಿಮೆಂಟ್ ಹಿಡಿಯಿತು. ಗಾರೆ ಕೆಲಸ ಯಾರು ಬೇಕಾದರೂ ಮಾಡುತ್ತಾರೆ. ತಲೆ ಓಡಿಸಬೇಕಾದದ್ದು ಕಬ್ಬಿಣಕ್ಕೆ. ಕೆಳಗಿನ ಎರಡು ಪಿನ್ನಿಗೂ ಸೇರಿ ಒಂದೇ ಸರಳನ್ನು ದಿಮ್ಮಿಯ ಒಳಗೆ ಅಡ್ಡ ಹಾಯಿಸಿ, ಕಂಬಿ ಪಂಜರಕ್ಕೆ ವೆಲ್ಡ್ ಮಾಡಿಸಿ. ಎರಡು ತುಂಡು ಪಿನ್ ಪಕ್ಕಕ್ಕೆ ಅಂಟಿಸುವ ಉಪಾಯ ಬೇಡ. ನಮ್ಮ ಗಾಡಿಗೆ ಕೆಳಗಿನ ಪಿನ್ 22 ಎಂಎಂ, ಟಾಪ್ ಲಿಂಕ್ ಪಿನ್ 19 ಎಂಎಂ. ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಇದೇ ಅಳತೆ.

ಲಿಂಕ್ ಎತ್ತುವ ಹೈಡ್ರಾಲಿಕ್ ಲಿಫ್ಟ್ 750 ಕೆಜಿ ಎತ್ತುತ್ತದೆ ಎಂದು ಪುಸ್ತಕದಲ್ಲಿದೆ. ಅದು ಲಿಂಕ್‌ನ ತುದಿಯಲ್ಲಿ. ಭಾರ ಇನ್ನೂ ಹಿಂದಕ್ಕೆ ಹೋದಷ್ಟೂ ಆ ತಾಕತ್ತು ಇಳಿಯುತ್ತದೆ. ಅದಕ್ಕೇ 500ರ ಗಡಿ ದಾಟಲಿಲ್ಲ.

ಈಗ ತಕರಾರು. ದಿಮ್ಮಿ ಇದ್ದರೆ ಟ್ರೈಲರ್ ಕಟ್ಟಲು ಆಗುವುದಿಲ್ಲ. ಕಾಫಿ ಕೊಯ್ಲಿನ ಹೊತ್ತಲ್ಲಿ ದಿನಾ ಬಿಚ್ಚು, ಹಾಕು. ಸಮತಟ್ಟು ಸಿಮೆಂಟ್ ಕಣದ ಮೇಲೆ ಇಳಿಸಿದರೆ ಒಬ್ಬರೇ ಹಾಕಬಹುದು. ಕೆಸರಲ್ಲಿ ಇಳಿಸಿದರೆ ಒಂದು ಕಡೆ ಹೂತು, ಪಿನ್ ತೂತಿಗೆ ಸೇರದೆ, ಹಾರೆ ಹಿಡಿದು ಇಬ್ಬರು ಒದ್ದಾಡಬೇಕು. ಇನ್ನೊಂದು, ತುಕ್ಕು. ಸರಳು ಕಾಂಕ್ರೀಟಿನಿಂದ ಹೊರಬರುವ ಜಾಗದಲ್ಲೇ ನೀರು ನಿಲ್ಲುತ್ತದೆ. ಮುಂಗಾರಿಗೆ ಮೊದಲು ಕೆರೆದು ರೆಡ್ ಆಕ್ಸೈಡ್ ಬಳಿಯುವುದು ಈಗ ವರ್ಷದ ಕೆಲಸ. ಮೂಲೆಗಳು ಅಲ್ಲಲ್ಲಿ ಚಕ್ಕೆ ಎದ್ದಿವೆ, ಅದರಿಂದ ತೊಂದರೆಯೇನಿಲ್ಲ. ಬಿರುಕು ಬಿಟ್ಟಿಲ್ಲ.

ಭಾರ ಬೇಕಾದರೆ ಮಣ್ಣು ಹುಡಿ ಮಾಡುವ ರೋಟವೇಟರ್ ಸಿಕ್ಕಿಸಿಕೊಂಡೇ ಓಡಾಡಬಹುದಲ್ವಾ? ಬಯಲಲ್ಲಿ ಸರಿ. ಕಾಫಿ ಗಿಡಗಳ ಸಾಲಿನಲ್ಲಿ ತಿರುಗಿಸುವಾಗ ಅದರ ಅಗಲಕ್ಕೆ ಗಿಡದ ರೆಕ್ಕೆ (ಅಡ್ಡ ಕೊಂಬೆ) ಮುರಿಯುತ್ತದೆ. ದಿಮ್ಮಿ ಟೈರ್‌ಗಳ ನಡುವೆಯೇ ಅಡಗಿರುತ್ತದೆ.

ಓಡಿಸುವಾಗ ದಿಮ್ಮಿಯನ್ನು ನೆಲದಿಂದ ಒಂದಡಿಗಿಂತ ಮೇಲೆತ್ತಬೇಡಿ, ಬಕೆಟ್ಟೂ ತಗ್ಗಿನಲ್ಲಿರಲಿ. ಇಳಿಜಾರಿನಲ್ಲಿ ಫೋರ್ ವೀಲ್ ಡ್ರೈವ್ ಹಾಕಿಯೇ ಇಳಿಯಿರಿ. ಬಕೆಟ್ ಖಾಲಿ ಇದ್ದು ಕಡಿದಾದ ಏರು ಹತ್ತಬೇಕಾದರೆ ದಿಮ್ಮಿ ಬಿಚ್ಚಿಟ್ಟು ಹೋಗಿ, ಇಲ್ಲದಿದ್ದರೆ ಗಾಡಿಯ ಮೂತಿ ಎದ್ದೀತು. ನಿಲ್ಲಿಸಿದಾಗ ಭಾರ ನೆಲದ ಮೇಲಿರಲಿ. ತೂಗಾಡುತ್ತಾ ಬಿಟ್ಟರೆ ಹೈಡ್ರಾಲಿಕ್ ನಿಧಾನಕ್ಕೆ ಇಳಿಯುತ್ತದೆ, ಕೆಳಗೆ ಮಕ್ಕಳೋ ನಾಯಿಯೋ ಇರಬಹುದು.

ದಿಮ್ಮಿಯ ಬದಲು 200 ಲೀಟರ್ ಡ್ರಮ್ಮಿಗೆ ಕಂಠಪೂರ್ತಿ ಕಾಂಕ್ರೀಟ್ ತುಂಬಿಸಲು ಹೊರಟವರು ಲೆಕ್ಕ ನೋಡಿ: ಕಾಂಕ್ರೀಟೇ 480 ಕೆಜಿ. ನಿಮ್ಮದು 20 ಎಚ್‌ಪಿ ಒಳಗಿನ ಗಾಡಿಯಾದರೆ ಅರ್ಧ ಡ್ರಮ್ಮಿನಿಂದ ಶುರು ಮಾಡಿ.