ಬಜೆ, ಬಂಗಾರ, ಬ್ರಾಹ್ಮಿ: ಮಗನ ಮಾತಿಗಾಗಿ ಮಾಡಿ ನೋಡಿದ್ದು

ಮಗನಿಗೆ ಎರಡು ವರ್ಷ ಎರಡು ತಿಂಗಳಾದಾಗ ಅವನ ಬಾಯಲ್ಲಿದ್ದದ್ದು ಆರೇ ಪದ. ಅಮ್ಮ, ಅಪ್ಪ, ತಾತ, ಬಾ, ಬೌಬೌ. ಆರನೆಯದು ‘ಆಯ್’. ಹಾಲಿಗೂ ಅದೇ, ನೀರಿಗೂ ಅದೇ. ಆ ವಯಸ್ಸಿಗೆ ಐವತ್ತರಷ್ಟು ಪದ ಬಂದು, ‘ಅಮ್ಮ ಬಾ’ ಅಂತ ಎರಡು ಪದ ಕೂಡಿಸಿ ಹೇಳಬೇಕು. “ನಿನ್ನ ಗಂಡನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು ಕಣಮ್ಮ” ಎಂದರು ಅತ್ತೆ. ಹಾಗೆನ್ನುತ್ತಲೇ ಬಜೆ ಬೇರನ್ನೂ ತೆಗೆದರು.

ಮುಂದಿನ ನಾಲ್ಕು ತಿಂಗಳು ಒಂದೊಂದಾಗಿ ಎಲ್ಲ ಮಾಡಿದೆವು. ಹೊಸ ಪದ ಬಂದಾಗೆಲ್ಲ ಕ್ಯಾಲೆಂಡರ್ ಹಿಂದೆ ಬರೆದಿಟ್ಟೆ. ಹಾಗಾಗಿ ಇಲ್ಲಿ ಹೇಳುವುದು ಬರೀ ನೆನಪಿನ ಲೆಕ್ಕವಲ್ಲ.

ಮೊದಲು ಬಜೆ. ಬೇರನ್ನು ದೀಪದಲ್ಲಿ ಸುಟ್ಟು, ಕಲ್ಲಿನ ಮೇಲೆ ಎರಡು ಸುತ್ತು ತೇಯ್ದು, ಜೇನಿನಲ್ಲಿ ಕಲೆಸಿ ನಾಲಿಗೆಗೆ ಸವರುವುದು. ನಾಲಿಗೆ ಚುರುಗುಟ್ಟುತ್ತದೆ, ಜೊಲ್ಲು ಜಾಸ್ತಿ ಬರುತ್ತದೆ. ‘ನಾಲಿಗೆ ಸಡಿಲವಾಗ್ತಿದೆ’ ಅಂತ ಅನಿಸುವುದು ಇದರಿಂದಲೇ ಇರಬೇಕು. ಒಂದು ತಿಂಗಳಲ್ಲಿ ಬಂದದ್ದು ಒಂದೇ ಪದ, ‘ಚೀ’. ಅದು ಬಜೆಗೇ ಹೇಳಿದ್ದು! ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ, ಆ ಕಾರಣಕ್ಕೆ ಅಮೆರಿಕದಲ್ಲಿ ತಿನ್ನುವ ಪದಾರ್ಥಕ್ಕೆ ಬಜೆ ಹಾಕುವಂತಿಲ್ಲ ಅಂತ ಆಮೇಲೆ ಓದಿದೆ. ಅಂದೇ ಕಲ್ಲು ಮೇಲಿಟ್ಟೆ. ಇನ್ನೊಂದು ಮಾತು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಬಾಟ್ಯುಲಿಸಮ್ ಎಂಬ ಕಾಯಿಲೆ ಬರಬಹುದು.

ಆಮೇಲೆ ಸ್ವರ್ಣಪ್ರಾಶನ. ಸ್ವರ್ಣಭಸ್ಮ, ತುಪ್ಪ, ಜೇನು. ಪುಷ್ಯ ನಕ್ಷತ್ರದ ದಿನ, ಅಂದರೆ 27 ದಿನಕ್ಕೊಮ್ಮೆ ಹನಿ ಹಾಕಿಸುವುದು. ಬಜೆಯಷ್ಟು ಗಲಾಟೆ ಇಲ್ಲ, ಸಿಹಿ ಅಂತ ಮಗ ಬಾಯಿ ತೆರೆದುಕೊಂಡೇ ನಿಲ್ಲುತ್ತಿದ್ದ. ನಾಲ್ಕು ಸಲ ಹಾಕಿಸಿದೆವು. ಪದ ಒಂದೂ ಏರಲಿಲ್ಲ. ಕಾಶ್ಯಪ ಸಂಹಿತೆಯಲ್ಲಿ ಇದನ್ನು ಆರು ತಿಂಗಳು ಕೊಟ್ಟರೆ ಮಗು ಶ್ರುತಧರ ಆಗುತ್ತದೆ ಅಂತಿದೆ. ಕೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವವನು ಅಂತ ಅರ್ಥ. ಆ ‘ಕೇಳಿದ್ದು’ ಅನ್ನುವ ಪದದ ಮೇಲೆ ಆಗಲೇ ಗಮನ ಹೋಗಬೇಕಿತ್ತು. ಹೋಗಲಿಲ್ಲ.

ಭಸ್ಮದ ವಿಷಯದಲ್ಲಿ ಒಂದು ಹೆದರಿಕೆ ಇದ್ದೇ ಇತ್ತು. ಬಾಸ್ಟನ್ ಊರಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು ಎಂಬ ವರದಿ 2004ರಲ್ಲಿ ಬಂದಿತ್ತು. ಸೀಸ ಮಗುವಿನ ಮಿದುಳಿಗೇ ಪೆಟ್ಟು ಕೊಡುತ್ತದೆ. ಮಾತು ಬರಲಿ ಅಂತ ಕೊಟ್ಟ ಔಷಧಿಯೇ ಮಾತು ಕಸಿದರೆ? ಊರಲ್ಲಿ ಯಾರೋ ಪೊಟ್ಟಣ ಕಟ್ಟಿ ಕೊಡುವ ಹೆಸರಿಲ್ಲದ ಪುಡಿಯನ್ನಂತೂ ಮುಟ್ಟಲಿಲ್ಲ.

ಸಾರಸ್ವತಾರಿಷ್ಟ ಬಾಟಲಿ ತಂದದ್ದು ನಮ್ಮೆಜಮಾನ್ರು. ಅರಿಷ್ಟವೆಂದರೆ ಹುದುಗು ಬರಿಸಿದ ಔಷಧಿ, ಅದರಲ್ಲಿ ಮದ್ಯಸಾರ ತಾನಾಗಿ ಹುಟ್ಟಿರುತ್ತದೆ. ಲೇಬಲ್ ಓದಿ ಹಾಗೇ ಮುಚ್ಚಿಟ್ಟೆ. ಅದರ ಬದಲು ಒಂದೆಲಗದ ತಂಬುಳಿ ಮಾಡಿದೆ. ನಮ್ಮ ಕಡೆ ಬ್ರಾಹ್ಮಿ ಅನ್ನುವುದು ಒಂದೆಲಗಕ್ಕೆ, ಪೇಟೆಯ ಕ್ಯಾಪ್ಸೂಲಿನಲ್ಲಿರುವುದು ಹೆಚ್ಚಾಗಿ ನೀರುಬ್ರಾಹ್ಮಿ. ಗಿಡವೇ ಬೇರೆ. ಬ್ರಾಹ್ಮಿ ಮೇಲೆ ನಡೆದ ಪ್ರಯೋಗಗಳೂ ಹೆಚ್ಚಾಗಿ ನೆನಪಿನ ಶಕ್ತಿಯ ಬಗ್ಗೆ, ಮಾತಿನ ಬಗ್ಗೆ ಅಲ್ಲ. ತಂಬುಳಿ ಊಟಕ್ಕೆ ಚೆನ್ನಾಗಿತ್ತು. ಮಾತಿಗೆ ಏನೂ ಆಗಲಿಲ್ಲ.

ಪದಗಳು ಒಟ್ಟಿಗೆ ಬಿದ್ದಿದ್ದು ಭಾನುವಾರಗಳಲ್ಲಿ. ಅವತ್ತು ಎಣ್ಣೆಸ್ನಾನ. ಹರಳೆಣ್ಣೆ, ಕೊಬ್ಬರಿ ಎಣ್ಣೆ ಬೆರೆಸಿ ಅತ್ತೆ ಮೊಮ್ಮಗನನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ತಿಕ್ಕುತ್ತಿದ್ದರು. ಮುಖ ಮುಖಕ್ಕೆ ಹತ್ತಿರ. ಟಿವಿ ಇಲ್ಲ, ಮೊಬೈಲ್ ಇಲ್ಲ. “ಕೈ ಕೊಡು ರಾಜ, ಇನ್ನೊಂದು ಕೈ ಎಲ್ಲಿ?” ಅಂತ ಜೋರಾಗಿ ಹೇಳುತ್ತಾ ಅರ್ಧ ಗಂಟೆ. ‘ಕೈ’ ಮತ್ತು ‘ಎಣ್ಣೆ’ ಎರಡೂ ಹುಟ್ಟಿದ್ದು ಅಲ್ಲಿ. ನಾಲ್ಕು ತಿಂಗಳ ಕೊನೆಗೆ ಒಟ್ಟು ಒಂಬತ್ತು ಪದ. ಬಜೆಯ ‘ಚೀ’ ಬಿಟ್ಟರೆ ಹೊಸದಾಗಿ ಬಂದಿದ್ದೆಲ್ಲ ಈ ಮಣೆಯ ಮೇಲೆ.

ನಾವು ಮಾಡಿದ ತಪ್ಪು ಒಂದಿದೆ. ಯಾರೋ ಹೇಳಿದರೆಂದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಎರಡು ಸಲ ಕಿವಿಗೆ ಬಿಟ್ಟೆವು. ಪರದೆ ತೂತಾಗಿದ್ದರೆ ಅದು ಅಪಾಯ. ನಮ್ಮ ಪುಣ್ಯ, ತೂತಾಗಿರಲಿಲ್ಲ.

ಅದು ಗೊತ್ತಾಗಿದ್ದು ಮೈಸೂರಿನಲ್ಲಿ. ಹಾಸನದಿಂದ ಬಸ್ಸು ಹತ್ತಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಎಲ್ಲರ ಬಾಯಲ್ಲಿ ‘ಸ್ಪೀಚ್ ಅಂಡ್ ಹಿಯರಿಂಗ್’, 1965ರಲ್ಲಿ ಶುರುವಾದದ್ದು. ಮೊದಲು ನೋಡಿದ್ದು ನಾಲಿಗೆಯನ್ನಲ್ಲ, ಕಿವಿಯನ್ನು. ಎರಡೂ ಕಿವಿಯ ಪರದೆ ಹಿಂದೆ ನೀರು ತುಂಬಿತ್ತು. ಪದೇ ಪದೇ ನೆಗಡಿ ಆಗುವ ಮಕ್ಕಳಲ್ಲಿ ಇದು ಮಾಮೂಲಂತೆ. ಪೂರ್ತಿ ಕಿವುಡಲ್ಲ. ನೀರೊಳಗೆ ಮುಳುಗಿ ಕೇಳಿದ ಹಾಗೆ ಎಲ್ಲ ಮಂದ. ಅತ್ತೆಯ ಜೋರು ದನಿ, ಹತ್ತಿರದ ಮುಖ ಯಾಕೆ ಕೆಲಸ ಮಾಡಿತು ಅಂತ ಆಗ ಹೊಳೆಯಿತು. ಬಂಗಾರವೂ ತುಪ್ಪವೂ ಆ ನೀರಿನವರೆಗೆ ಹೋಗುವ ದಾರಿಯೇ ಇರಲಿಲ್ಲ.

ಡಾಕ್ಟರು ಕಾಯಲು ಹೇಳಿದರು, ಮೂರು ತಿಂಗಳಲ್ಲಿ ನೀರು ತಾನಾಗೇ ಇಳಿಯಿತು. ಜೊತೆಗೆ ಥೆರಪಿ. ಅಲ್ಲಿ ಕಲಿಸಿದ್ದು ನಮಗೇ. ಮಗುವಿನ ಎತ್ತರಕ್ಕೆ ಕೂರುವುದು. “ಬಾಳೆಹಣ್ಣಾ, ಬಿಸ್ಕತ್ತಾ?” ಅಂತ ಕೇಳಿ ಬಾಯಿಮುಚ್ಚಿ ಕಾಯುವುದು. ಅವನು ‘ನೀರು’ ಎಂದರೆ ‘ನೀರು ಬೇಕು’ ಅಂತ ಒಂದು ಪದ ಸೇರಿಸುವುದು. ಕಾಯುವುದು ನನಗೆ ಎಲ್ಲಕ್ಕಿಂತ ಕಷ್ಟ. ಎಣ್ಣೆಸ್ನಾನ ಬಿಡಬೇಡಿ ಅಂತಲೂ ಹೇಳಿದರು.

ಐದು ತಿಂಗಳಲ್ಲಿ ಕ್ಯಾಲೆಂಡರಿನಲ್ಲಿ ಜಾಗ ಸಾಲಲಿಲ್ಲ. ಅರವತ್ತಕ್ಕೆ ಎಣಿಕೆ ನಿಲ್ಲಿಸಿದೆ. ಕಿವಿ ತೆರೆದಿದ್ದಕ್ಕೆ ಎಷ್ಟು, ಥೆರಪಿಗೆ ಎಷ್ಟು, ವಯಸ್ಸಿಗೆ ಎಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಆದರೆ ಮತ್ತೆ ಮೊದಲಿನಿಂದ ಶುರು ಮಾಡುವುದಾದರೆ ಮೊದಲ ವಾರವೇ ಕಿವಿ ಪರೀಕ್ಷೆ ಮಾಡಿಸುತ್ತೇನೆ. ಎಣ್ಣೆಸ್ನಾನ, ತಂಬುಳಿ ಇಟ್ಟುಕೊಳ್ಳುತ್ತೇನೆ. ಉಳಿದದ್ದು ಬಿಡುತ್ತೇನೆ.

ಮಾತು ಬಂದಿದ್ದು ಬಜೆಯಿಂದಲೇ ಅಂತ ಅತ್ತೆ ಈಗಲೂ ಹೇಳಿಕೊಂಡು ಓಡಾಡುತ್ತಾರೆ. ನಾನು ತಿದ್ದಲು ಹೋಗಿಲ್ಲ. ಮೊನ್ನೆ ಪಕ್ಕದ ಮನೆಯ ಹುಡುಗಿ ತನ್ನ ಮಗಳಿಗೆ ಅಂತ ಬಜೆ ಕೇಳಿಕೊಂಡು ಬಂದಳು. ಬೇರು ಕೊಡಲಿಲ್ಲ. ಮೈಸೂರು ಬಸ್ಸಿನ ಟೈಮು ಬರೆದುಕೊಟ್ಟೆ.