ಮಾತ್ರೆ ಕೊಡುವ ಮುಂಚೆ ಊಟದ ಹೊತ್ತು ಕೇಳುವ ಮೆಡಿಕಲ್ ಶಾಪ್

ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಹಳ್ಳಿ. ಅಪ್ಪನಿಗೆ ಪಾರ್ಕಿನ್ಸನ್ಸ್, ಅಂದರೆ ಮೈ ಬಿಗಿದು ನಡಿಗೆ ನಿಧಾನವಾಗುವ ಕಾಯಿಲೆ, ಶುರುವಾಗಿ ಆರು ವರ್ಷ. ದಿನಕ್ಕೆ ನಾಲ್ಕು ಸಲ ಲೆವೊಡೋಪ, ಕಾರ್ಬಿಡೋಪ ಸೇರಿದ ಮಾತ್ರೆ. ಅದನ್ನು ವಿರಾಜಪೇಟೆಯ ಒಂದು ಸಣ್ಣ ಮೆಡಿಕಲ್ ಶಾಪಿನಿಂದ ತರುತ್ತೇವೆ. ಹೆಸರು ಹಾಕಬೇಡಿ ಅಕ್ಕ ಅಂದಿದ್ದಾರೆ, ಹಾಕುವುದಿಲ್ಲ.

ಹೋದ ವರ್ಷ ನಮ್ಮ ಕೈಲ್ ಪೊಳ್ದ್ ಹಬ್ಬದ ದಿನ ಮನೆ ತುಂಬ ನೆಂಟರು. ಅಪ್ಪ ಖುಷಿಯಿಂದ ಕಡಂಬುಟ್ಟು, ಪಂದಿ ಕರಿ (ಹಂದಿ ಮಾಂಸದ ಸಾರು) ತಿಂದರು. ಆಮೇಲೆ ಮಾತ್ರೆ ಕೊಟ್ಟೆ. ಒಂದು ಗಂಟೆಯಾದರೂ ಕುರ್ಚಿ ಬಿಟ್ಟು ಏಳಲು ಆಗಲಿಲ್ಲ. ಎಲ್ಲರೂ ತೋಕ್ ಹಿಡಿದು ತೆಂಗಿನಕಾಯಿಗೆ ಗುಂಡು ಹೊಡೆಯಲು ಹೋದರು, ಅಪ್ಪ ಒಳಗೇ ಕೂತರು. ಮಾತ್ರೆಯೇ ಸರಿ ಇಲ್ಲ ಅಂತ ಮರುದಿನ ಅಂಗಡಿಗೆ ಹೋಗಿ ಜೋರು ಮಾಡಿದೆ.

ಅಲ್ಲಿನ ಫಾರ್ಮಸಿಸ್ಟ್ ಹುಡುಗಿ ಕೇಳಿದ್ದು ಒಂದೇ. "ಅಕ್ಕ, ಊಟಕ್ಕೆ ಮುಂಚೆ ಕೊಟ್ರಾ, ಆಮೇಲೆ ಕೊಟ್ರಾ?" ಬಿಲ್ಲಿನ ಹಿಂದೆ ಚಿತ್ರ ಬರೆದು ತೋರಿಸಿದಳು. ಲೆವೊಡೋಪ ಒಂದು ಅಮೈನೊ ಆಮ್ಲ. ಮಾಂಸ ಕರಗಿದಾಗ ಬರುವುದೂ ಅಮೈನೊ ಆಮ್ಲಗಳೇ. ಕರುಳು ದಾಟಲು, ಮಿದುಳಿಗೆ ಹೋಗಲು ಎರಡಕ್ಕೂ ಒಂದೇ ದಾರಿ. ಮಾಂಸ ಜಾಸ್ತಿ ಇದ್ದರೆ ಔಷಧಿ ಹಿಂದೆ ಉಳಿಯುತ್ತದೆ. ಡಾಕ್ಟರನ್ನು ಕೇಳಿ ಅಂದಳು. ಕೇಳಿದೆವು. ಈಗ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುತ್ತೇವೆ. ಅಪ್ಪ ತೋಟದ ಗೇಟಿನವರೆಗೆ ನಡೆಯುತ್ತಾರೆ.

ಈ ಕಾಯಿಲೆಯಲ್ಲಿ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ ಕಮ್ಮಿ ಅಂದರೆ ಅದನ್ನೇ ಕೊಡಬಹುದಲ್ವಾ ಅಂತಲೂ ಕೇಳಿದೆ. ರಕ್ತದಿಂದ ಮಿದುಳಿಗೆ ಅದು ದಾಟುವುದಿಲ್ಲವಂತೆ. ಲೆವೊಡೋಪ ದಾಟುತ್ತದೆ, ಒಳಗೆ ಹೋಗಿ ಡೋಪಮೈನ್ ಆಗುತ್ತದೆ, ಅಲ್ಲಿ ಅದನ್ನು ಹಿಡಿಯುವ ಕೊಂಡಿಯಂಥ ರಿಸೆಪ್ಟರ್‌ಗಳಿಗೆ ಸೇರುತ್ತದೆ. ಮಿದುಳಿನ ಹೊರಗೇ ಡೋಪಮೈನ್ ಆಗಿ ವಾಂತಿ ಬರದಂತೆ ಕಾರ್ಬಿಡೋಪ ತಡೆಯುತ್ತದೆ.

ಇದರ ಹಿಂದೆ ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಇದ್ದಾರೆ ಅಂತ ಹೇಳಿದ್ದೂ ಅವಳೇ. ಮಿದುಳಿನ ಡೋಪಮೈನ್ ಖಾಲಿ ಮಾಡುವ ರೆಸರ್ಪಿನ್ ಎಂಬ ಔಷಧಿ ಕೊಟ್ಟರೆ ಮೊಲಗಳು ಅಲ್ಲಾಡದೆ ಬಿದ್ದುಕೊಳ್ಳುತ್ತಿದ್ದವು. ಕಾರ್ಲ್‌ಸನ್ ಅವಕ್ಕೆ ಲೆವೊಡೋಪದಂಥದೇ ಡೋಪ ಚುಚ್ಚಿದರು, ಮೊಲಗಳು ಎದ್ದು ಓಡಾಡಿದವು. ಅದು 1957. ಮಿದುಳಿನಲ್ಲಿ ಡೋಪಮೈನ್‌ಗೆ ತನ್ನದೇ ಕೆಲಸ ಇದೆ ಅಂದಾಗ 1960ರಲ್ಲಿ ಲಂಡನ್ನಿನ ಸಭೆಯಲ್ಲಿ ದೊಡ್ಡ ದೊಡ್ಡವರೇ ಒಪ್ಪಲಿಲ್ಲ. ಕಾರ್ಲ್‌ಸನ್ ಬಿಡಲಿಲ್ಲ. ರಿಸೆಪ್ಟರ್‌ಗಳನ್ನು ತಡೆಯುವ ಮಾನಸಿಕ ರೋಗದ ಔಷಧಿಗಳ ಬಗ್ಗೆಯೂ ಕೆಲಸ ಮಾಡಿದರು. ನೊಬೆಲ್ ಬಂದಿದ್ದು 2000ದಲ್ಲಿ. ರೆಸರ್ಪಿನ್ ಸಿಗುವುದು ಸರ್ಪಗಂಧಿಯ ಬೇರಿನಲ್ಲಿ. ನಮ್ಮ ತೋಟದ ಬೇಲಿ ಬದಿಯಲ್ಲೂ ಆ ಗಿಡ ಇದೆ. ಕುರ್ಚಿಯಲ್ಲಿ ಕೂತಿದ್ದ ಅಪ್ಪ, ಆ ಮೊಲಗಳು, ಎರಡೂ ಒಟ್ಟಿಗೆ ಕಣ್ಣ ಮುಂದೆ ಬಂದು ಅಂಗಡಿಯಲ್ಲೇ ಅಳು ಬಂತು.

ಬೇರೊಂದು ಅಂಗಡಿಯಲ್ಲಿ ಒಮ್ಮೆ ಏನೂ ಹೇಳದೆ ಸಿಆರ್ ಮಾತ್ರೆ ಕೊಟ್ಟಿದ್ದರು. ಅದು ನಿಧಾನವಾಗಿ ಕರಗಬೇಕಾದ ಮಾತ್ರೆ. ಗೊತ್ತಿಲ್ಲದೆ ಪುಡಿ ಮಾಡಿ ಕೊಟ್ಟು ಅಪ್ಪನಿಗೆ ತಲೆ ತಿರುಗಿತ್ತು. ಇಲ್ಲಿ ಸ್ಟ್ರಿಪ್ ಕೈಗೆ ಕೊಡುವ ಮುಂಚೆ ಡಾಕ್ಟರ ಚೀಟಿ ಜೊತೆ ಇಟ್ಟು ತೋರಿಸುತ್ತಾರೆ.

ಕೊರತೆಗಳೂ ಇವೆ. ಭಾನುವಾರ ಬಾಗಿಲು ಹಾಕಿರುತ್ತದೆ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಸಂಜೆ ತುಂಬ ಕಾಯಬೇಕು, ಏಕೆಂದರೆ ಅವಳು ಎಲ್ಲರಿಗೂ ಹೀಗೇ ವಿವರಿಸುತ್ತಾಳೆ. ತಿಂಗಳ ಮಾತ್ರೆ ಬೇಕಿದ್ದರೆ ಎರಡು ದಿನ ಮುಂಚೆ ಫೋನ್ ಮಾಡಿ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ನಮಗೆ ಹೊರಡಲು ಆಗದಿದ್ದಾಗ ಪ್ಲಾಸ್ಟಿಕ್ ಸುತ್ತಿ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು. ಒಂದು ಮಾತ್ರೆಯೂ ಒದ್ದೆಯಾಗಿರಲಿಲ್ಲ.