ಹನ್ನೊಂದರಿಂದ ಹನ್ನೆರಡು: 'ದ ಅಡ್ವೆಂಚರ್ ಝೋನ್' ಕಟ್ಟಿದ ಒಂದು ಗಂಟೆ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಥೆ ಕಟ್ಟುವ ಮೇಜಿನ ಆಟದಲ್ಲಿ ಸತ್ತವರು ಮತ್ತೆ ಎದ್ದು ಬಂದರೆ ದಾಳಕ್ಕೆ ಬೆಲೆ ಉಳಿಯುವುದಿಲ್ಲ. ಟೈಮ್ ಲೂಪ್, ಅಂದರೆ ಒಂದೇ ಹೊತ್ತು ಮತ್ತೆ ಮತ್ತೆ ಮರುಕಳಿಸುವ ಕಥೆ, ಆಡಿಸಲು ಹೊರಟ ಗೇಮ್ ಮಾಸ್ಟರ್‌ಗಳು (ಕಥೆ ಹೇಳಿ ಆಟ ನಡೆಸುವವರು) ಎಡವುವುದು ಹೆಚ್ಚಾಗಿ ಇಲ್ಲೇ. ಪಾತ್ರದ ಜೀವಕ್ಕೆ ಅಪಾಯವಿಲ್ಲ ಅಂತ ಗೊತ್ತಾದ ಮೇಲೆ ದಾಳದಲ್ಲಿ ಎಲ್ಲಕ್ಕಿಂತ ಒಳ್ಳೆಯ 20 ಬಿದ್ದರೂ ಅಷ್ಟೇ, ಕೆಟ್ಟ 1 ಬಿದ್ದರೂ ಅಷ್ಟೇ. 'ದ ಅಡ್ವೆಂಚರ್ ಝೋನ್' ಪಾಡ್‌ಕಾಸ್ಟ್‌ನ 'ದಿ ಇಲೆವೆಂತ್ ಅವರ್' ಭಾಗ ಈ ತೊಡಕನ್ನು ಬಿಡಿಸಿರುವ ರೀತಿ ಅಚ್ಚುಕಟ್ಟು. ಇಲ್ಲಿ ಪಣಕ್ಕಿಟ್ಟಿರುವುದು ಜೀವವನ್ನಲ್ಲ, ನಿಮಿಷಗಳನ್ನು.

ಪರಿಚಯ ಬೇಕಾದವರಿಗೆ ಚುಟುಕಾಗಿ: ಜಸ್ಟಿನ್, ಟ್ರಾವಿಸ್, ಗ್ರಿಫಿನ್ ಮೆಕೆಲ್‌ರಾಯ್ ಎಂಬ ಮೂವರು ಅಣ್ಣತಮ್ಮಂದಿರು, ಜೊತೆಗೆ ಅವರ ತಂದೆ ಕ್ಲಿಂಟ್. ಅವರು ಆಡುವ ಆಟ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿ. 2014ರಲ್ಲಿ ಶುರುವಾಗಿ 2017ರಲ್ಲಿ ಮುಗಿದ 69 ಕಂತುಗಳ 'ಬ್ಯಾಲೆನ್ಸ್' ಕಥೆಯಲ್ಲಿ ಇಲೆವೆಂತ್ ಅವರ್‌ನದು 41ರಿಂದ 49ರವರೆಗಿನ ಒಂಬತ್ತು ಕಂತು. ಡಿಎಂ (ಈ ಆಟದಲ್ಲಿ ಗೇಮ್ ಮಾಸ್ಟರ್‌ಗೆ ಇರುವ ಹೆಸರು) ಗ್ರಿಫಿನ್. ಜಸ್ಟಿನ್‌ದು ಟಾಕೋ ಎಂಬ ಎಲ್ಫ್ ಮಾಂತ್ರಿಕ, ಟ್ರಾವಿಸ್‌ದು ಮ್ಯಾಗ್ನಸ್ ಎಂಬ ಹೋರಾಟಗಾರ, ಕ್ಲಿಂಟ್‌ದು ಮರ್ಲ್ ಎಂಬ ಡ್ವಾರ್ಫ್ (ಕುಳ್ಳ ಜನಾಂಗದ) ಕ್ಲೆರಿಕ್, ಅಂದರೆ ದೇವರ ಬಲದಿಂದ ಮಂತ್ರ ಹಾಕುವವನು.

ರೆಫ್ಯೂಜ್ ಎಂಬ ಗಣಿ ಊರು ಒಂದು ಗುಳ್ಳೆಯೊಳಗೆ ಸಿಕ್ಕಿಹಾಕಿಕೊಂಡಿದೆ. ಮಧ್ಯಾಹ್ನ 12ಕ್ಕೆ ಊರು ನಾಶವಾಗುತ್ತದೆ, ಎಲ್ಲ ಮತ್ತೆ 11ಕ್ಕೆ ಮರಳುತ್ತದೆ. ಊರಿನವರಿಗೆ ಏನೂ ನೆನಪಿಲ್ಲ, ಈ ಮೂವರಿಗೆ ಎಲ್ಲ ನೆನಪಿದೆ. ಊರಲ್ಲಿ ಯಾರು ಯಾವ ಹೊತ್ತಿಗೆ ಎಲ್ಲಿರುತ್ತಾರೆ, ಏನು ಮಾಡುತ್ತಾರೆ ಎಂಬುದು ನಿಗದಿಯಾಗಿದೆ. ಆಟಗಾರರು ಕೈ ಹಾಕದಿದ್ದರೆ ಎಲ್ಲ ಹಾಗೇ ನಡೆದು ಮುಗಿಯುತ್ತದೆ.

ಈ ಭಾಗದ ಜಾಣತನ ಅರ್ಥವಾಗಬೇಕಾದರೆ ನಿಯಮ ಪುಸ್ತಕದ ಲೆಕ್ಕ ಸ್ವಲ್ಪ ಹಾಕಬೇಕು. ಊರಿನ ನಾಶದಲ್ಲಿ ಪಾಲಿರುವುದು ಒಂದು ಪರ್ಪಲ್ ವರ್ಮ್, ನೆಲದಡಿಯ ದೈತ್ಯ ಹುಳು. 2014ರ ಪುಸ್ತಕದ ಪ್ರಕಾರ ಅದರ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳುತ್ತದೆ ಎಂಬ ಲೆಕ್ಕ) 247, ಆರ್ಮರ್ ಕ್ಲಾಸ್ (ಪೆಟ್ಟು ತಗುಲಿಸಲು ದಾಳದಲ್ಲಿ ಮುಟ್ಟಬೇಕಾದ ಮೊತ್ತ) 18, ಚಾಲೆಂಜ್ ರೇಟಿಂಗ್ (ಎಷ್ಟು ಕಠಿಣ ಎಂಬ ಅಳತೆ) 15. ಬಾಲದ ಕೊಂಡಿ ತಗುಲಿದರೆ ಸರಾಸರಿ 19 ಡ್ಯಾಮೇಜ್, ಅಂದರೆ ಅಷ್ಟು ಹಿಟ್ ಪಾಯಿಂಟ್ ನಷ್ಟ. ಅದರ ಮೇಲೆ ಕಾನ್‌ಸ್ಟಿಟ್ಯೂಷನ್ ಸೇವ್ (ದೇಹಬಲದಿಂದ ತಪ್ಪಿಸಿಕೊಳ್ಳಲು ಹಾಕುವ ದಾಳ) 19 ಮುಟ್ಟದಿದ್ದರೆ ಇನ್ನೂ 42 ವಿಷದ ಡ್ಯಾಮೇಜ್. 10ನೇ ಲೆವೆಲ್‌ನ ಮಾಂತ್ರಿಕನ ಬಳಿ ಇರುವುದೇ 50-60 ಹಿಟ್ ಪಾಯಿಂಟ್, ಒಂದೇ ಕುಟುಕಿಗೆ ನೆಲ ಕಚ್ಚುತ್ತಾನೆ. ಮೂವರ ತಂಡಕ್ಕೆ ಅದು ಕಾದಾಡಿ ಗೆಲ್ಲಬೇಕಾದ ಎದುರಾಳಿಯಲ್ಲ, ಮುಹೂರ್ತ ತಪ್ಪದೆ ಬರುವ ಗಡಿಯಾರದ ಮುಳ್ಳು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಕಾದಾಟದಲ್ಲಿ ಎಲ್ಲರೂ ಒಂದೊಂದು ಸಲ ಆಡಿ ಮುಗಿಸುವ ಒಂದು ರೌಂಡ್ ಅಂದರೆ ಕಥೆಯೊಳಗೆ 6 ಸೆಕೆಂಡ್. ಮೂವರೂ ಸೇರಿ ರೌಂಡಿಗೆ 40 ಡ್ಯಾಮೇಜ್ ಕೊಟ್ಟರೂ ಆ ಹುಳುವನ್ನು ಮುಗಿಸಲು 7 ರೌಂಡ್ ಬೇಕು. ಕಥೆಯೊಳಗೆ ಅದು 42 ಸೆಕೆಂಡ್. ಮೇಜಿನ ಮೇಲೆ ಅದೇ ಕಾದಾಟ ಮುಕ್ಕಾಲು ಗಂಟೆ ನುಂಗುತ್ತದೆ. ಮಾತುಕತೆಯದು ತಿರುಗುಮುರುಗು. ಆಟಗಾರರು ಐದು ನಿಮಿಷ ಮಾತಾಡಿದರೆ ಕಥೆಯೊಳಗೂ ಐದು ನಿಮಿಷ ಹೋಗುತ್ತದೆ, ಆಮೇಲೆ ಊರಿನ ಆ ತುದಿಗೆ ನಡೆದು ಹೋಗುವ ಹೊತ್ತು ಬೇರೆ. ಅಂದರೆ ಒಂದು ಗಂಟೆಯ ಲೂಪ್‌ನಲ್ಲಿ ಕತ್ತಿ ಅಗ್ಗ, ಪ್ರಶ್ನೆ ದುಬಾರಿ. ಯಾರನ್ನು ಮಾತಾಡಿಸುವುದು, ಯಾರನ್ನು ಈ ಸುತ್ತಿಗೆ ಬಿಟ್ಟುಬಿಡುವುದು ಎಂಬ ಆಯ್ಕೆಯೇ ಇಲ್ಲಿ ರೋಚಕ ಆಗಿರುವುದಕ್ಕೆ ಕಾರಣ ಇದು.

ಮರ್ಲ್‌ನ ಝೋನ್ ಆಫ್ ಟ್ರೂತ್ ಅನ್ನೇ ತಗೊಳ್ಳಿ. ಈ ಮಂತ್ರವನ್ನು ಕ್ಲಿಂಟ್ ಎಷ್ಟು ಸಲ ಹಾಕಿದ್ದಾರೆ ಅಂದರೆ ಅದು ಮರ್ಲ್‌ನ ಗುರುತೇ ಆಗಿಬಿಟ್ಟಿದೆ. ಎರಡನೇ ಲೆವೆಲ್‌ನ ಮಂತ್ರ, 15 ಅಡಿ ತ್ರಿಜ್ಯ, 10 ನಿಮಿಷ. ಒಳಗಿರುವವರು ಕರಿಸ್ಮಾ (ವ್ಯಕ್ತಿತ್ವದ ಬಲ) ಸೇವ್ ಸೋತರೆ ಸುಳ್ಳು ಹೇಳಲಾರರು, ಆದರೆ ಜಾರಿಕೊಳ್ಳುವ ಉತ್ತರ ಕೊಡಬಹುದು, ಬಾಯಿ ಮುಚ್ಚಿ ಕೂರಲೂಬಹುದು. ಬೇರೆ ಸಾಹಸದಲ್ಲಿ 10 ನಿಮಿಷ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಅದು ಇಡೀ ಬದುಕಿನ ಆರನೇ ಒಂದು ಪಾಲು. ವಿಶ್ರಾಂತಿಯ ಮಾತಂತೂ ಎತ್ತಲೇಬೇಡಿ: ಶಾರ್ಟ್ ರೆಸ್ಟ್‌ಗೆ (ಚೇತರಿಸಿಕೊಳ್ಳುವ ಚಿಕ್ಕ ವಿಶ್ರಾಂತಿ) ಬೇಕಾದ್ದು ಕನಿಷ್ಠ ಒಂದು ಗಂಟೆ, ಕಣ್ಣು ಬಿಡುವಷ್ಟರಲ್ಲಿ ಊರೇ ಇರುವುದಿಲ್ಲ.

ಕುಂದುಗಳೂ ಇವೆ. ಮೊದಲೆರಡು ಕಂತುಗಳಲ್ಲಿ ಹೆಸರುಗಳ ಸುರಿಮಳೆ. ಊರು ಕಾಯುವ ರಾಸ್‌ವೆಲ್, ಶೆರಿಫ್ ಐಸಾಕ್, ಭವಿಷ್ಯ ಹೇಳುವ ಪಲೋಮಾ, ಸಲೂನ್ ನಡೆಸುವ ರೆನ್, ಕ್ಯಾಸಿಡಿ, ಲೂಕಾ, ರೆಡ್‌ಮಂಡ್, ಜೂನ್. ಎಲ್ಲರಿಗೂ ದನಿ ಗ್ರಿಫಿನ್ ಒಬ್ಬರದೇ. ಬೇರೆ ಕೆಲಸ ಮಾಡುತ್ತಾ ಕಿವಿಗೆ ಹಾಕಿಕೊಂಡರೆ ಯಾರು ಯಾರೆಂದು ತಲೆಬುಡ ತಿಳಿಯುವುದಿಲ್ಲ. ಒಂದು ಚೀಟಿಯಲ್ಲಿ ಹೆಸರು, ಜಾಗ, ಹೊತ್ತು ಎಂಬ ಮೂರು ಸಾಲು ಬರೆದಿಟ್ಟುಕೊಂಡು ಕೇಳಿದರೆ ಮೂರನೇ ಕಂತಿನಿಂದ ರುಚಿ ಹತ್ತುತ್ತದೆ. ನಡುವಿನ ಕಂತುಗಳಲ್ಲಿ ಹರಟೆ ಜಾಸ್ತಿ. ತಮಾಷೆ ಈ ಮನೆಯವರ ಶಕ್ತಿಯೇ, ಆದರೆ ಹೊತ್ತು ಓಡುತ್ತಿದೆ ಎಂಬ ಬಿಗಿ ಕೆಲವು ಕಡೆ ಅದರಿಂದ ಸಡಿಲವಾಗಿದೆ. ಪ್ರತಿ ಕಂತಿನ ನಡುವೆ ಬರುವ ಜಾಹೀರಾತು ಕೂಡ ಬಿಗಿ ಏರಿದ ಕಡೆಯೇ ಬಂದು ಕೂರುತ್ತದೆ.

ಸಂಗೀತದ ಬಗ್ಗೆ ಒಂದು ಮಾತು. ಹಿನ್ನೆಲೆ ಸಂಗೀತ ಗ್ರಿಫಿನ್ ಅವರೇ ಮಾಡಿದ್ದು. ಆಟ ಆಡಿಸಿದವರೇ ಸಂಗೀತವನ್ನೂ ಕೂರಿಸಿದ್ದರಿಂದ ಎಲ್ಲಿ ಸುಮ್ಮನಿರಬೇಕು ಅಂತ ಅದಕ್ಕೆ ಗೊತ್ತಿದೆ.

ಮುಂದಿನ ಪ್ಯಾರಾದಲ್ಲಿ ಕಥೆ ಬಿಟ್ಟುಕೊಡುತ್ತಿದ್ದೇನೆ. ಕೇಳದವರು ದಾಟಿಹೋಗಿ.

ಕೊನೆಗೆ ಸಿಗುವುದು ಟೆಂಪೊರಲ್ ಚಾಲಿಸ್, ಕಾಲದ ಪಾತ್ರೆ. ಹಳೆಯ ಒಂದು ಗಳಿಗೆಗೆ ಹಿಂದಿರುಗಿ ಅದನ್ನು ಬದಲಿಸುವ ಅವಕಾಶವನ್ನು ಅದು ಒಬ್ಬೊಬ್ಬರ ಮುಂದೂ ಇಡುತ್ತದೆ. ಮ್ಯಾಗ್ನಸ್‌ಗೆ ತನ್ನ ಊರು ರೇವನ್ಸ್ ರೂಸ್ಟ್ ನಾಶವಾದಾಗ ತೀರಿಕೊಂಡ ಹೆಂಡತಿ ಜೂಲಿಯಾ. ಟಾಕೋಗೆ ಗ್ಲ್ಯಾಮರ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ತನ್ನ ಅಡುಗೆಯಿಂದಲೇ ಸತ್ತರು ಅಂತ ಅವನು ನಂಬಿಕೊಂಡಿರುವ 40 ಜನ. ಯಾರೂ ಒಪ್ಪುವುದಿಲ್ಲ. ಈ ದೃಶ್ಯ ಎದೆಗೆ ತಾಕುವುದಕ್ಕೆ ಕಾರಣ ಹಿಂದಿನ ಗಂಟೆಗಳಲ್ಲಿದೆ. 'ಮತ್ತೊಂದು ಸಲ ಮಾಡಿ ಸರಿಪಡಿಸೋಣ' ಎಂಬುದನ್ನೇ ಆಟಗಾರರು ಅಲ್ಲಿಯವರೆಗೆ ಉಸಿರಾಡಿದ್ದಾರೆ. ಲೂಪ್ ಅವರಿಗೆ ಕೊಟ್ಟ ಒಂದೇ ಆಯುಧ ಅದು. ಅದನ್ನೇ ಕೈಗೆ ಕೊಟ್ಟು 'ಬೇಕಾ?' ಅಂತ ಕೇಳಿದಾಗ, ಬೇಡ ಅನ್ನಲು ದಾಳ ಸಹಾಯಕ್ಕೆ ಬರುವುದಿಲ್ಲ. ಟ್ರಾವಿಸ್ ಮಾತು ಹುಡುಕುವುದು ಕಿವಿಗೆ ಕೇಳಿಸುತ್ತದೆ, ತಮಾಷೆ ಮಾಡುವವರ ಮನೆಯಲ್ಲಿ ಆ ನಿಧಾನಕ್ಕೆ ತೂಕವಿದೆ. ರೋಲ್ (ದಾಳ ಉರುಳಿಸುವುದು) ಇಲ್ಲದೆ ಆಟಗಾರನ ಮಾತಿಗೇ ತೀರ್ಮಾನ ಬಿಟ್ಟದ್ದು ಈ ಒಂಬತ್ತು ಕಂತುಗಳ ಅತ್ಯುತ್ತಮ ನಿರ್ಧಾರ.

ಇದನ್ನು ಕೇಳಿ ತಮ್ಮ ಟೇಬಲ್‌ನಲ್ಲಿ ಲೂಪ್ ಆಡಿಸಬೇಕು ಅನ್ನುವವರು ಮೊದಲು ಒಂದು ವೇಳಾಪಟ್ಟಿ ಬರೆಯಿರಿ. 60 ನಿಮಿಷವನ್ನು ಹತ್ತು ಹತ್ತು ನಿಮಿಷದ ಆರು ಮನೆಗಳಾಗಿ ಮಾಡಿ. ನಿಗದಿತ ಘಟನೆಗಳು ನಾಲ್ಕೈದು ಸಾಕು. ಎಂಟು ಹತ್ತು ಇಟ್ಟರೆ ನಿಮಗೇ ನೆನಪಿರುವುದಿಲ್ಲ, ಎರಡನೇ ಸುತ್ತಿನಲ್ಲಿ ಬಾಯಿ ತಪ್ಪಿ ಹೊತ್ತು ಬದಲಿಸಿಬಿಡುತ್ತೀರಿ. ಲೂಪ್‌ನಲ್ಲಿ ಆ ತಪ್ಪನ್ನು ಆಟಗಾರರು ಸುಳಿವು ಅಂತಲೇ ಹಿಡಿದುಕೊಂಡು ಒಂದು ಸಂಜೆ ಪೂರ್ತಿ ಅದರ ಬೆನ್ನು ಹತ್ತುತ್ತಾರೆ. ಪ್ರತಿ ಘಟನೆಯ ಮುಂದೆ, ತಡೆದರೆ ಮುಂದಿನ ಯಾವ ಮನೆ ಬದಲಾಗುತ್ತದೆ ಅಂತ ಒಂದು ಸಾಲು ಬರೆಯಿರಿ. ತಪ್ಪದೆ ತಿಳಿಯಲೇಬೇಕಾದ ಸಂಗತಿಗೆ ಕನಿಷ್ಠ ಮೂರು ದಾರಿ ಇರಲಿ, ಮೂರೂ ಬೇರೆ ಬೇರೆ ಮನೆಯಲ್ಲಿರಲಿ.

ಮಂತ್ರದ ಸ್ಲಾಟ್ (ಎಷ್ಟು ಸಲ ಮಂತ್ರ ಹಾಕಬಹುದು ಎಂಬ ಲೆಕ್ಕ), ಹಿಟ್ ಪಾಯಿಂಟ್ ಪ್ರತಿ ಸುತ್ತಿಗೂ ಮರಳಿ ತುಂಬುತ್ತವೆಯೋ ಇಲ್ಲವೋ ಎಂಬುದನ್ನು ಮೊದಲ ಸಾವಿಗೆ ಮುಂಚೆಯೇ ತೀರ್ಮಾನಿಸಿ. ತುಂಬುತ್ತವೆ ಅಂದರೆ ಪ್ರತಿ ಸುತ್ತಿನಲ್ಲೂ ದೊಡ್ಡ ಮಂತ್ರವನ್ನು ಮೊದಲ ನಿಮಿಷದಲ್ಲೇ ಹಾಕುತ್ತಾರೆ, ಅದಕ್ಕೆ ತಕ್ಕಂತೆ ಒಗಟನ್ನು ಬಿಗಿ ಮಾಡಿ. ಒಮ್ಮೆ ಗೆದ್ದ ರೋಲ್ ಅನ್ನು ಮತ್ತೆ ಕೇಳಬೇಡಿ. 'ಹೋದ ಸಲದಂತೆ ಬೀಗ ತೆಗೆದೆವು' ಅಂದರೆ ತೆಗೆದಾಯಿತು, ನಿಮಿಷ ಮಾತ್ರ ಕಳೆಯಿರಿ. ಎಲ್ಲರಿಗೂ ಕಾಣುವ ಹಾಗೆ ಒಂದು ಗಡಿಯಾರ ಬರೆದು, ಮಾತು ಮುಗಿದಾಗಲೆಲ್ಲ ಮುಳ್ಳು ಸರಿಸಿ. ಪೂರ್ತಿ ಆಡುವ ಸುತ್ತು ಐದಾರು ಮೀರಬಾರದು. ಉಳಿದವನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿ.

ಕೇಳಲು ಎಲ್ಲಿಂದ ಶುರು ಮಾಡಬೇಕು? 41ನೇ ಕಂತಿನಿಂದ ನೇರವಾಗಿ ಬೇಡ. ಒಗಟು ಅರ್ಥವಾಗುತ್ತದೆ, ಆದರೆ ಕೊನೆಯ ನಿರಾಕರಣೆ ಸುಮ್ಮನೆ ಒಳ್ಳೆಯ ಮಾತಾಗಿ ಕೇಳಿಸುತ್ತದೆ. ಆರಂಭದ ಕಂತುಗಳು ಹೊಸಬರಿಗಾಗಿ ಮಾಡಿದ ಸ್ಟಾರ್ಟರ್ ಸೆಟ್‌ನ ಸಿದ್ಧ ಸಾಹಸವನ್ನೇ ಆಡಿದ್ದು, ಒರಟಾಗಿವೆ. ಅವನ್ನು ತಾಳ್ಮೆಯಿಂದ ದಾಟಿ ಸಾಲಾಗಿ ಬನ್ನಿ. ಇಂಗ್ಲಿಷ್ ಉಚ್ಚಾರ ಹಿಡಿಯುವುದು ಕಷ್ಟವಾದರೆ ಬರಹರೂಪದ ಟ್ರಾನ್ಸ್‌ಕ್ರಿಪ್ಟ್ ಸಿಗುತ್ತದೆ, ಪಕ್ಕದಲ್ಲಿ ತೆರೆದಿಟ್ಟುಕೊಂಡು ಕೇಳಬಹುದು. 48 ಮತ್ತು 49 ಮಾತ್ರ ಒಂದರ ಹಿಂದೆ ಒಂದು, ನಡುವೆ ನಿಲ್ಲಿಸದೆ ಕೇಳಿ.